ಚಂದ್ರ ಏಕೆ ಬೀಳುವುದಿಲ್ಲ?

ಸಾಗರ ತಾಲೂಕಿನ ಕಡೆಯ ನಮ್ಮೂರಿನಲ್ಲಿ, ಅಡಿಕೆ ಸುಲಿಯುವ ರಾತ್ರಿಗಳಲ್ಲಿ ಮೆಟ್ಟುಗತ್ತಿಯ ಮುಂದೆ ಕುಳಿತವರು ಬೆಳುದಿಂಗಳನ್ನು ನೋಡುತ್ತ ನನ್ನನ್ನು ಬಹಳ ಸಲ ಕೇಳಿದ್ದಾರೆ: “ಮೇಷ್ಟ್ರೇ, ಗೊನೆಯಿಂದ ಕಳಚಿದ ಅಡಿಕೆ ನೆಲಕ್ಕೆ ಬೀಳುತ್ತದೆ, ಆಸರೆಯೇ ಇಲ್ಲದ ಚಂದ್ರ ಏಕೆ ಬೀಳುವುದಿಲ್ಲ?” ನನ್ನ ಉತ್ತರವನ್ನು ಮೊದಲ ಸಲಕ್ಕೆ ಯಾರೂ ಒಪ್ಪುವುದಿಲ್ಲ. ಚಂದ್ರ ಬೀಳುತ್ತಲೇ ಇದ್ದಾನೆ.

ಇದನ್ನು ಜೋಗದ ಎದುರು ನಿಂತು ಯೋಚಿಸುವುದು ಒಳ್ಳೆಯದು. 253 ಮೀಟರ್ ಎತ್ತರದಿಂದ ರಾಜಾ ಧಾರೆ ನೇರವಾಗಿ ಧುಮುಕಿದರೆ, ರಾಕೆಟ್ ಧಾರೆ ಬಂಡೆಯಿಂದ ಮುಂದಕ್ಕೆ ಚಿಮ್ಮಿ ಬಾಗುತ್ತ ಇಳಿಯುತ್ತದೆ. ಚಿಮ್ಮುವ ವೇಗ ಹೆಚ್ಚಿದಷ್ಟೂ ನೀರು ದೂರ ಹೋಗಿ ಬೀಳುತ್ತದೆಯೇ ಹೊರತು, ಬೀಳುವುದನ್ನು ನಿಲ್ಲಿಸುವುದಿಲ್ಲ. ಗಾಳಿಯ ತಡೆಯನ್ನು ಬಿಟ್ಟು ಲೆಕ್ಕ ಹಾಕಿದರೆ, ಯಾವ ವಸ್ತುವಾದರೂ ಮೊದಲ ಸೆಕೆಂಡಿನಲ್ಲಿ ಸುಮಾರು 4.9 ಮೀಟರ್ ಇಳಿಯುತ್ತದೆ. ಭೂಮಿ ಗುಂಡಗಿರುವುದರಿಂದ ಸುಮಾರು 8 ಕಿಲೋಮೀಟರ್ ದೂರ ಸಾಗುವಷ್ಟರಲ್ಲಿ ನೆಲವೂ ಅಷ್ಟೇ ಕೆಳಗೆ ಬಾಗಿರುತ್ತದೆ. ಹಾಗಾಗಿ ಸೆಕೆಂಡಿಗೆ 8 ಕಿಲೋಮೀಟರ್ ವೇಗದಲ್ಲಿ ಅಡ್ಡಲಾಗಿ ಚಿಮ್ಮಿದ ವಸ್ತು ಎಷ್ಟು ಬಿದ್ದರೂ ನೆಲ ಅದಕ್ಕೆ ಸಿಗದು. ಬೆಟ್ಟದ ತುದಿಯಿಂದ ಹಾರಿಸಿದ ಫಿರಂಗಿ ಗುಂಡಿನ ಉದಾಹರಣೆಯಲ್ಲಿ ನ್ಯೂಟನ್ ತೋರಿಸಿದ್ದು ಇದನ್ನೇ.

ಚಂದ್ರನಿರುವ ದೂರ ಸುಮಾರು 3,84,400 ಕಿಲೋಮೀಟರ್, ಅಂದರೆ ಭೂಮಿಯ ತ್ರಿಜ್ಯದ 60 ಪಟ್ಟು. ಸೆಳೆತ ದೂರದ ವರ್ಗಕ್ಕೆ ತಕ್ಕಂತೆ ಕುಗ್ಗುವುದಾದರೆ ಅಲ್ಲಿ ಅದು 3,600ರಲ್ಲಿ ಒಂದು ಪಾಲಾಗಬೇಕು. ಚಂದ್ರ ಸೆಕೆಂಡಿಗೆ ಸುಮಾರು 1.4 ಮಿಲಿಮೀಟರ್ ಮಾತ್ರ ನಮ್ಮತ್ತ ಬೀಳಬೇಕು. ಅವನ ದಾರಿ ಬಾಗಿರುವುದೂ ಸರಿಯಾಗಿ ಅಷ್ಟೇ. ಅಡಿಕೆಯನ್ನು ಎಳೆಯುವ ಬಲವೇ ಚಂದ್ರನನ್ನೂ ಎಳೆಯುತ್ತಿದೆ ಎಂಬುದಕ್ಕೆ ಇದಕ್ಕಿಂತ ಸೊಗಸಾದ ಸಾಕ್ಷಿಯನ್ನು ನಾನು ಕಂಡಿಲ್ಲ. ಆ 1.4 ಮಿಲಿಮೀಟರ್ ಬೀಳುವಷ್ಟರಲ್ಲಿ ಅವನು ಒಂದು ಕಿಲೋಮೀಟರ್ ಪಕ್ಕಕ್ಕೆ ಸರಿದಿರುತ್ತಾನೆ, ಮತ್ತು ಆ ಓಟವನ್ನು ತಡೆಯಲು ಅಲ್ಲಿ ಗಾಳಿಯಿಲ್ಲವಾದ್ದರಿಂದ ಹಿಂದಿನಿಂದ ಯಾರೂ ತಳ್ಳುತ್ತಿರಬೇಕಾಗಿಲ್ಲ.

ಬಾಹ್ಯಾಕಾಶದಲ್ಲಿ ಸೆಳೆತವೇ ಇಲ್ಲವೆಂದು ಎಷ್ಟೋ ಮಂದಿ ನಂಬಿದ್ದಾರೆ. ಸುಮಾರು 400 ಕಿಲೋಮೀಟರ್ ಎತ್ತರದ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ಅದು ನೆಲದ ಮೇಲಿನದರ ಹೆಚ್ಚುಕಡಿಮೆ ಶೇಕಡಾ 90ರಷ್ಟಿದೆ. ಗಗನಯಾತ್ರಿಗಳು ತೇಲುವುದು, ನಿಲ್ದಾಣದ ಜೊತೆಜೊತೆಗೆ ತಾವೂ ಬೀಳುತ್ತಿರುವುದರಿಂದ.

ಇನ್ನೊಂದು ಮಾತನ್ನು ನಾನು ತಪ್ಪದೆ ಸೇರಿಸುತ್ತೇನೆ. ಚಂದ್ರನೂ ಭೂಮಿಯನ್ನು ಅಷ್ಟೇ ಬಲದಿಂದ ಎಳೆಯುತ್ತಾನೆ. ದೊಡ್ಡವರೊಬ್ಬರು ಮಗುವಿನ ಕೈ ಹಿಡಿದು ಗಿರಗಿರನೆ ತಿರುಗಿದಾಗ ಮಗು ದೊಡ್ಡ ಸುತ್ತನ್ನೂ ದೊಡ್ಡವರು ಚಿಕ್ಕ ಸುತ್ತನ್ನೂ ಹಾಕುವಂತೆ, ಭೂಮಿ, ಚಂದ್ರ ಇಬ್ಬರೂ ಒಂದೇ ಬಿಂದುವನ್ನು ಸುತ್ತುತ್ತಾರೆ. ಆ ಬಿಂದು ಭೂಕೇಂದ್ರದಿಂದ ಸುಮಾರು 4,700 ಕಿಲೋಮೀಟರ್ ದೂರದಲ್ಲಿ, ಭೂಮಿಯ ಒಡಲಲ್ಲೇ ಇರುವುದರಿಂದ ಭೂಮಿಯ ಸುತ್ತು ನಮ್ಮ ಗಮನಕ್ಕೆ ಬರುವುದಿಲ್ಲ. ಪ್ಲೂಟೊ ಮತ್ತು ಅದರ ಉಪಗ್ರಹ ಶರಾನ್ ನಡುವೆ ಮಾತ್ರ ಆ ಬಿಂದು ಎರಡರ ಹೊರಗೂ, ಬರಿಯ ಬಯಲಿನಲ್ಲಿದೆ.