ಇನ್ನೂ ಹದಕ್ಕೆ ಬಂದಿಲ್ಲ, ನಾಳೆ ಬನ್ನಿ

ಇಂಗ್ಲೆಂಡಿನ ಶೆಫೀಲ್ಡ್‌ಗೆ ಬಂದ ಹೊಸದರಲ್ಲಿ ನನ್ನ ಕೋಟಿನ ಜೇಬಿನಲ್ಲಿ ಸದಾ ಒಂದು ನೋಟ್‌ಬುಕ್ ಇರುತ್ತಿತ್ತು. ಯಾವ ಪಬ್‌ಗೆ ಹೋದೆ, ಯಾವ ಬಿಯರ್ ಕುಡಿದೆ, ಪಕ್ಕದ ಮೇಜಿನ ಮುದುಕರು ಯಾವುದಕ್ಕೆ ಜಗಳವಾಡಿದರು, ಎಲ್ಲವನ್ನೂ ಕನ್ನಡದಲ್ಲಿ ಗುರುತು ಹಾಕಿಕೊಂಡು ರಾತ್ರಿ ಮನೆಯಲ್ಲಿ ಕುಳಿತು ವಿಸ್ತರಿಸಿ ಬರೆಯುತ್ತಿದ್ದೆ. ಬರಬರುತ್ತಾ ಮುದುಕರು ನನ್ನ ಬರಹದಿಂದ ಎದ್ದು ಹೋದರು. ಕಿತ್ತಳೆ ಸಿಪ್ಪೆಯ ವಾಸನೆ, ಕೊನೆಯಲ್ಲಿ ಸ್ವಲ್ಪ ಕಹಿ, ಐದಕ್ಕೆ ಮೂರೂವರೆ ಅಂಕ, ಇಷ್ಟೇ ಉಳಿಯಿತು. 2022ರಲ್ಲಿ ಇಲ್ಲಿನ ಕೆಲ್ಹಾಮ್ ಐಲೆಂಡ್ ಬ್ರೂವರಿ ಮುಚ್ಚುತ್ತದೆ ಎಂಬ ಸುದ್ದಿ ಬಂದ ದಿನ ಒಂದು ಸಾಲನ್ನೂ ಬರೆಯಲಾಗಲಿಲ್ಲ. 1990ರಲ್ಲಿ ಫ್ಯಾಟ್ ಕ್ಯಾಟ್ ಎಂಬ ಪಬ್‌ನ ಮಗ್ಗುಲಲ್ಲೇ ಹುಟ್ಟಿದ ಸಂಸ್ಥೆ ಅದು. ಅದರ 'ಪೇಲ್ ರೈಡರ್' 2004ರಲ್ಲಿ ಇಡೀ ಬ್ರಿಟನ್ನಿನ ಚಾಂಪಿಯನ್ ಬಿಯರ್ ಆಗಿತ್ತು. ನಾನು ಈ ಊರಿನಲ್ಲಿ ಮನಸಾರೆ ಮೆಚ್ಚಿದ ಮೊದಲ ಬಿಯರ್ ಕೂಡ ಅದೇ. ನೋಟ್‌ಬುಕ್ ಮೇಜಿನ ಡ್ರಾಯರ್ ಸೇರಿತು.

ಕಳೆದ ನವೆಂಬರಿನ ಒಂದು ಮಂಗಳವಾರ, ಮಳೆಗೆ ಸಿಕ್ಕಿ, ಕೆಲ್ಹಾಮ್ ಐಲೆಂಡ್ ಬಡಾವಣೆಯ ಒಂದು ಹಳೆಯ ಪಬ್‌ಗೆ ನುಗ್ಗಿದೆ. ಕೌಂಟರಿನ ಹಿಂದಿನ ಕಪ್ಪುಹಲಗೆಯಲ್ಲಿ 'ಮುಂದೆ ಬರುವುದು' ಎಂದು ಬರೆದು, ಅದರ ಕೆಳಗೆ ಪೇಲ್ ರೈಡರ್ ಎಂದು ಸೀಮೆಸುಣ್ಣದಲ್ಲಿ ಬರೆದಿದ್ದರು. ಬೇಕ್‌ವೆಲ್‌ನ ಥಾರ್ನ್‌ಬ್ರಿಜ್ ಬ್ರೂವರಿಯವರು ಈಗ ಅದನ್ನು ತಯಾರಿಸುತ್ತಿದ್ದಾರೆ ಎಂದು ಕೇಳಿದ್ದೆ, ಕುಡಿದಿರಲಿಲ್ಲ. ಒಂದು ಪೈಂಟ್ ಕೊಡಿ ಎಂದೆ. ಪಬ್ ನಡೆಸುವ ಹಿರಿಯ ಹೆಂಗಸು ಕೈಪಂಪಿನ ಮೇಲೆ ಹಿಂದುಮುಂದಾಗಿ ತಿರುಗಿಸಿಟ್ಟಿದ್ದ, ಬಿಯರಿನ ಹೆಸರಿನ ಬಿಲ್ಲೆಯನ್ನು ತೋರಿಸಿ, "ಇನ್ನೂ ಹದಕ್ಕೆ ಬಂದಿಲ್ಲ, ಲವ್. ನಾಳೆ ಬನ್ನಿ" ಎಂದರು. ಶೆಫೀಲ್ಡ್‌ನವರು ಎಲ್ಲರನ್ನೂ ಲವ್ ಎಂದೇ ಕರೆಯುತ್ತಾರೆ. ಹದ ಎಂದರೇನು, ಅದು ನಿಮಗೆ ಹೇಗೆ ಗೊತ್ತಾಗುತ್ತದೆ ಎಂದು ಕೇಳಿದೆ. ಪಬ್ ಖಾಲಿಯಿತ್ತು. ಅವರು ಟಾರ್ಚ್ ತೆಗೆದುಕೊಂಡು ನನ್ನನ್ನು ನೆಲಮಾಳಿಗೆಗೆ ಕರೆದುಕೊಂಡು ಹೋದರು.

ಇಷ್ಟು ವರ್ಷ ಪಬ್‌ಗಳ ಬಗ್ಗೆ ಬರೆದವನು ಅದುವರೆಗೆ ಒಂದು ನೆಲಮಾಳಿಗೆಗೂ ಇಳಿದಿರಲಿಲ್ಲ. ಇಟ್ಟಿಗೆಯ ಕಮಾನು, ಒದ್ದೆ ನೆಲ, ಗೋಡೆಯ ಥರ್ಮಾಮೀಟರಿನಲ್ಲಿ 12 ಡಿಗ್ರಿ. ಮರದ ಅಡ್ಡೆಯ ಮೇಲೆ ಪೀಪಾಯಿಗಳು ಹೊಟ್ಟೆ ಮೇಲೆ ಮಾಡಿ ಮಲಗಿದ್ದವು. ಒಂದೊಂದರಲ್ಲೂ ಒಂಬತ್ತು ಗ್ಯಾಲನ್, ಅಂದರೆ 72 ಪೈಂಟ್. ಪೇಲ್ ರೈಡರಿನ ಪೀಪಾಯಿಯ ನೆತ್ತಿಗೆ ಒಂದು ಮೆದು ಮರದ ಬೆಣೆ ಬಡಿದಿದ್ದರು. ಅದರ ಸುತ್ತ ಬಿಳಿ ನೊರೆ ಗುಳುಗುಳು ಉಕ್ಕುತ್ತಿತ್ತು. ನಮ್ಮ ಕಡೆಯ ಬಾಟಲಿ ಬಿಯರನ್ನು ಸಾಮಾನ್ಯವಾಗಿ ಸೋಸಿ, ಬಿಸಿ ಮಾಡಿ ಮಾರುತ್ತಾರೆ, ಅದರಲ್ಲಿ ಯೀಸ್ಟ್ ಬದುಕಿರುವುದಿಲ್ಲ. ಇದರಲ್ಲಿ ಯೀಸ್ಟ್ ಪಬ್‌ಗೆ ಬಂದ ಮೇಲೂ ತನ್ನ ಕೆಲಸ ಮಾಡುತ್ತಲೇ ಇರುತ್ತದೆ. ಅದರಿಂದ ಹುಟ್ಟುವ ಅನಿಲದಲ್ಲಿ ಹೆಚ್ಚಾದದ್ದು ಮೆದು ಬೆಣೆಯ ರಂಧ್ರಗಳಿಂದ ಹೊರಗೆ ಹೋಗಬೇಕು. ನೊರೆ ನಿಂತ ಮೇಲೆ ಗಟ್ಟಿ ಬೆಣೆ ಹಾಕಿ ಉಳಿದ ಅನಿಲವನ್ನು ಒಳಗೇ ಹಿಡಿದಿಡಬೇಕು. ಅವಸರ ಮಾಡಿದರೆ ಲೋಟದ ತುಂಬ ಮಡ್ಡಿ, ತಡ ಮಾಡಿದರೆ ಸಪ್ಪೆ.

ಅವರು ಬಾಗಿ ಪೀಪಾಯಿಗೆ ಕಿವಿ ಕೊಟ್ಟರು. "ಇನ್ನೂ ಮಾತಾಡುತ್ತಿದೆ" ಎಂದರು.

ನನಗೆ ಅಮ್ಮನ ನೆನಪಾಯಿತು. ಡಿಸೆಂಬರಿನ ಚಳಿಯಲ್ಲಿ ಇಡ್ಲಿ ಹಿಟ್ಟಿನ ಪಾತ್ರೆಗೆ ಹಳೆಯ ಕಂಬಳಿ ಸುತ್ತಿ, ಬೆಳಗಿನ ಜಾವ ಎದ್ದು ಮುಚ್ಚಳ ಸರಿಸಿ, ಬಗ್ಗಿ ನೋಡಿ, "ಹುದುಗು ಬಂದಿಲ್ಲ, ಇನ್ನೊಂದು ಗಂಟೆ ಬಿಡಬೇಕು" ಎನ್ನುತ್ತಿದ್ದಳು. ಅವಳ ಇಡ್ಲಿಯ ಬಗ್ಗೆ ಬರೆಯುವುದಾದರೆ ನಾನು ಆ ಕಂಬಳಿಯಿಂದಲೇ ಶುರು ಮಾಡುತ್ತೇನೆ. ಇಲ್ಲಿ ಮಾತ್ರ ಲೋಟಕ್ಕೆ ಬಂದದ್ದಕ್ಕೆ ಅಂಕ ಹಾಕುತ್ತಾ ಕುಳಿತಿದ್ದೆ.

ಬುಧವಾರ ಡ್ರಾಯರಿನಿಂದ ನೋಟ್‌ಬುಕ್ ತೆಗೆದುಕೊಂಡು ಹೋದೆ. ಬಿಲ್ಲೆ ಮುಂದಕ್ಕೆ ತಿರುಗಿತ್ತು. ಅವರು ಮೊದಲ ಲೋಟವನ್ನು ದೀಪಕ್ಕೆ ಹಿಡಿದು ನೋಡಿದರು, ಮೂಸಿದರು, ಒಂದು ಗುಟುಕು ಕುಡಿದರು. ಆಮೇಲೆ ಪಂಪನ್ನು ಉದ್ದಕ್ಕೆ, ನಿಧಾನವಾಗಿ ಎಳೆದು ನನಗೆ ಕೊಟ್ಟರು. ತಿಳಿ ಹೊನ್ನಿನ ಬಣ್ಣ, ಹಣ್ಣಿನ ಘಮ, ನಾಲಿಗೆಯ ಬುಡದಲ್ಲಿ ಹಿತವಾದ ಕಹಿ. ಪಕ್ಕದ ಸ್ಟೂಲಿನಲ್ಲಿ ಕುಳಿತಿದ್ದ ನಿವೃತ್ತ ಉಕ್ಕಿನ ಕಾರ್ಮಿಕರೊಬ್ಬರು ನನ್ನ ಬರವಣಿಗೆಯನ್ನು ದಿಟ್ಟಿಸಿ, ಇದು ಯಾವ ಲಿಪಿ ಎಂದು ಕೇಳಿದರು. ಹೇಳಿದೆ. ಹಗಲಿಡೀ ಕುಲುಮೆಯ ಮುಂದೆ ಬೆವರಿ, ಪಾಳಿ ಮುಗಿಸಿದ ಕೂಡಲೇ ಗಂಡಸರೆಲ್ಲ ಕೆಲಸದ ಬಟ್ಟೆಯಲ್ಲೇ ಪಬ್‌ಗೆ ಬರುತ್ತಿದ್ದುದನ್ನು, ಮೊದಲ ಪೈಂಟ್ ಮುಗಿಯುವವರೆಗೆ ಯಾರೂ ತುಟಿ ಬಿಚ್ಚದಿದ್ದುದನ್ನು ಅವರು ಹೇಳುತ್ತಾ ಹೋದರು. ನಾನು ಬರೆಯುತ್ತಾ ಹೋದೆ. ಮಧ್ಯೆ ಅವರು ನಿಲ್ಲಿಸಿ, ಈಗ ಏನು ಬರೆದಿರಿ, ಓದಿ ಎಂದರು. ಓದಿದೆ. ಅರ್ಥವಾಗದಿದ್ದರೂ ತಲೆಯಾಡಿಸಿ ಕೇಳಿದರು.

ಬೆಣೆ ಬಿಚ್ಚಿ ಬಡಿಸಲು ತೊಡಗಿದ ಪೀಪಾಯಿಗೆ ಮೂರು ದಿನ ಆಯುಸ್ಸು, ಅಷ್ಟರಲ್ಲಿ ಮುಗಿಸಬೇಕು. ಗುರುವಾರ ಹೋದೆ, ಶುಕ್ರವಾರವೂ ಹೋದೆ. ಶುಕ್ರವಾರ ಸಂಜೆ ಕೈಪಂಪು ಗೊರಗೊರ ಎಂದು ನಿಂತಾಗ ನನ್ನ ನೋಟ್‌ಬುಕ್ಕಿನಲ್ಲಿ ಹನ್ನೊಂದು ಪುಟ ತುಂಬಿತ್ತು. ಅಂಕ ಎಲ್ಲಿಯೂ ಇರಲಿಲ್ಲ.