ಇಂದಿರಾ ಗಾಂಧಿ ನಿಮ್ಮೂರಿಗೇ ಯಾಕೆ ಬಂದ್ರು?

ಊರು ಚಿಕ್ಕಮಗಳೂರು ಅಂದ ಕೂಡಲೇ ಬೆಂಗಳೂರಿನಲ್ಲಿ ಜನ ಎರಡು ಮಾತು ಕೇಳುತ್ತಾರೆ. ಒಂದು, ಕಾಫಿ ಪುಡಿ ತಂದುಕೊಡ್ತೀರಾ ಅಂತ. ಇನ್ನೊಂದು, ಸ್ವಲ್ಪ ವಯಸ್ಸಾದವರಾದರೆ, ಮೇಲಿನ ಪ್ರಶ್ನೆ.

1978ರಲ್ಲಿ ಇಂದಿರಾ ನಮ್ಮ ಲೋಕಸಭೆ ಕ್ಷೇತ್ರದ ಉಪಚುನಾವಣೆಗೆ ನಿಂತಿದ್ದು ನಮ್ಮೂರಿನ ಮೇಲಿನ ಪ್ರೀತಿಗಂತೂ ಅಲ್ಲ. ಗೆಲ್ಲುವ ಸೀಟು ಬೇಕಿತ್ತು, ಅಷ್ಟೇ. 1977ರಲ್ಲಿ ಅವರು ರಾಯ್‌ಬರೇಲಿಯಲ್ಲೇ ಸೋತಿದ್ದರು. ಉತ್ತರದಲ್ಲಿ ಕಾಂಗ್ರೆಸ್ ನೆಲಕಚ್ಚಿತ್ತು. ಕರ್ನಾಟಕದಲ್ಲಿ ಮಾತ್ರ 28ರಲ್ಲಿ 26 ಸೀಟು ಆ ಪಕ್ಷಕ್ಕೇ ಬಂದಿದ್ದವು. ಮರುವರ್ಷ ಫೆಬ್ರವರಿಯ ವಿಧಾನಸಭೆ ಚುನಾವಣೆಯಲ್ಲೂ ದೇವರಾಜ ಅರಸು ಇಂದಿರಾ ಕಾಂಗ್ರೆಸ್ಸನ್ನು ಭರ್ಜರಿಯಾಗಿ ಗೆಲ್ಲಿಸಿದರು. ಗೇಣಿದಾರರಿಗೆ ಭೂಮಿ ಕೊಡಿಸಿದ ಅರಸು ಹೆಸರಿಗೆ ಹಳ್ಳಿಗಳಲ್ಲಿ ಬೆಲೆ ಇತ್ತು. ನಮ್ಮ ಸಂಸದ ಡಿ.ಬಿ. ಚಂದ್ರೇಗೌಡರು ಗೆದ್ದ ಸೀಟನ್ನೇ ಬಿಟ್ಟುಕೊಟ್ಟರು.

ಎದುರಿಗೆ ಜನತಾ ಪಕ್ಷದ ವೀರೇಂದ್ರ ಪಾಟೀಲರು. ಅವರೂ ನಮ್ಮೂರಿನವರಲ್ಲ, ದೂರದ ಚಿಂಚೋಳಿಯವರು. (ಇದೇ ಪಾಟೀಲರು ಮುಂದೆ ಇಂದಿರಾ ಪಕ್ಷ ಸೇರಿ, 1989ರಲ್ಲಿ ಕಾಂಗ್ರೆಸ್ ಮುಖ್ಯಮಂತ್ರಿಯಾದರು. ರಾಜಕೀಯ, ಏನು ಹೇಳೋದು!)

ನಮ್ಮಜ್ಜಿ ತೋಟದ ಆಳುಗಳ ಜೊತೆ ರಸ್ತೆ ಬದಿಯಲ್ಲಿ ಅರ್ಧ ದಿನ ಕಾದು ನಿಂತಿದ್ದರಂತೆ. ಕಂಡಿದ್ದು ತಲೆ ಮೇಲಿನ ಸೆರಗು, ಮುಗಿದ ಕೈ, ಆಮೇಲೆ ಬರೀ ಧೂಳು. ‘ಏಕ್ ಶೇರ್ನಿ, ಸೌ ಲಂಗೂರ್, ಚಿಕ್ಕಮಗಳೂರು, ಚಿಕ್ಕಮಗಳೂರು’ (ಒಂದು ಸಿಂಹಿಣಿ, ನೂರು ಲಂಗೂರ್) ಅನ್ನೋ ಹಿಂದಿ ಘೋಷಣೆಯಲ್ಲಿ ಅಜ್ಜಿಗೆ ಅರ್ಥವಾಗಿದ್ದು ಊರಿನ ಹೆಸರೊಂದೇ. ಲಂಗೂರ್ ಅಂದ್ರೆ ಮುಸಿಯ ಅಂತ ಗೊತ್ತಾದಾಗ, ‘ನೂರೇನು, ನಮ್ಮ ಬಾಳೆತೋಟಕ್ಕೇ ಅದಕ್ಕಿಂತ ಜಾಸ್ತಿ ಬರ್ತವೆ’ ಅಂದಿದ್ದರು.

ನವೆಂಬರ್‌ನಲ್ಲಿ ಇಂದಿರಾ ಸುಮಾರು 77 ಸಾವಿರ ಮತಗಳಿಂದ ಗೆದ್ದರು. ಡಿಸೆಂಬರ್ 19ಕ್ಕೆ ಲೋಕಸಭೆ ಹಕ್ಕುಚ್ಯುತಿ (ಸದನದ ಹಕ್ಕಿಗೆ ಧಕ್ಕೆ ತಂದ ಆರೋಪ) ವಿಚಾರದಲ್ಲಿ ಅವರನ್ನು ಹೊರಹಾಕಿ, ತಿಹಾರ್ ಜೈಲಿಗೆ ಕಳಿಸಿತು. ಅಂದರೆ ಅವರು ನಮ್ಮ ಸಂಸದೆಯಾಗಿದ್ದು ಒಂದೂವರೆ ತಿಂಗಳೂ ಅಲ್ಲ. 1980ರಲ್ಲಿ ಅವರು ನಿಂತಿದ್ದು ರಾಯ್‌ಬರೇಲಿ ಮತ್ತು ಮೇದಕ್‌ನಲ್ಲಿ. ಇತ್ತ ತಿರುಗಿ ಬರಲಿಲ್ಲ.

‘ಹಾಗಾದ್ರೆ ಅದು ಕಾಂಗ್ರೆಸ್ ಕೋಟೆ ಅಲ್ವಾ?’ ಇದು ಮುಂದಿನ ಪ್ರಶ್ನೆ. ಅಲ್ಲ ಮಾರಾಯ್ರೇ. 1996ರಲ್ಲಿ ಜನತಾದಳದ ಬಿ.ಎಲ್. ಶಂಕರ್ ಗೆದ್ದರು. 1998ರಿಂದ ಮೂರು ಸಲ ಬಿಜೆಪಿಯ ಡಿ.ಸಿ. ಶ್ರೀಕಂಠಪ್ಪ. ಆಮೇಲೆ ಆ ಕ್ಷೇತ್ರವೇ ಉಳಿಯಲಿಲ್ಲ. ಮರುವಿಂಗಡಣೆಯಲ್ಲಿ ಘಾಟಿ ಕೆಳಗಿನ ಉಡುಪಿಯನ್ನೂ ನಮ್ಮನ್ನೂ ಒಟ್ಟು ಹಾಕಿದರು. ಕುಂದಾಪುರ, ಉಡುಪಿ, ಕಾಪು, ಕಾರ್ಕಳ ಅಲ್ಲಿನವು, ಶೃಂಗೇರಿ, ಮೂಡಿಗೆರೆ, ಚಿಕ್ಕಮಗಳೂರು, ತರೀಕೆರೆ ಇಲ್ಲಿನವು. ಅಲ್ಲಿ ಮೀನು, ಇಲ್ಲಿ ಕಾಳುಮೆಣಸು. 2009ರಿಂದ ಕಾಂಗ್ರೆಸ್ ಗೆದ್ದಿದ್ದು 2012ರ ಉಪಚುನಾವಣೆಯಲ್ಲಿ ಮಾತ್ರ, ಜಯಪ್ರಕಾಶ್ ಹೆಗ್ಡೆ ನಿಂತಾಗ.

ನಮ್ಮ ಜಿಲ್ಲೆಯದೇ ಆದ ಕಡೂರನ್ನು ಹಾಸನ ಲೋಕಸಭೆ ಕ್ಷೇತ್ರಕ್ಕೆ ಸೇರಿಸಿದರು. ಅಲ್ಲಿರುವ ನನ್ನ ಅತ್ತೆ ಮಗ ಜಿಲ್ಲಾ ಕಚೇರಿ ಕೆಲಸಕ್ಕೆ ಚಿಕ್ಕಮಗಳೂರಿಗೇ ಬರುತ್ತಾನೆ, ಸಂಸದರನ್ನು ಆರಿಸೋದು ಮಾತ್ರ ಹಾಸನದವರ ಜೊತೆ.