ಮುಂದಿನ ಚಕ್ರಗಳ ಬ್ರೇಕ್ ಕ್ಯಾಲಿಪರ್ ಬದಲಾವಣೆ: ಕರಾವಳಿಯ ಹಳೆಯ ಕಾರೊಂದರ ಕೆಲಸದ ದಾಖಲೆ

ಕಾರು ೨೦೧೧ರ ಮಾದರಿಯ ಸಣ್ಣ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಮುಂದಿನ ಎರಡು ಚಕ್ರಗಳಿಗೆ ಡಿಸ್ಕ್, ಹಿಂದಿನ ಎರಡಕ್ಕೆ ಡ್ರಮ್, ಎಬಿಎಸ್ ಇಲ್ಲ. ಮನೆ ಕುಂದಾಪುರದ ಸಮೀಪ, ಸಮುದ್ರದ ಗಾಳಿ ನೇರವಾಗಿ ಬೀಸುವ ಜಾಗದಲ್ಲಿದೆ. ಮಳೆಗಾಲದುದ್ದಕ್ಕೂ ಕಾರು ಹೆಚ್ಚಾಗಿ ನಿಂತೇ ಇತ್ತು. ನವರಾತ್ರಿಯ ಹೊತ್ತಿಗೆ ಮತ್ತೆ ಓಡಿಸತೊಡಗಿದಾಗ ಸ್ಟೇರಿಂಗ್ ಎಡಕ್ಕೆ ಎಳೆಯುತ್ತಿತ್ತು, ಎಡ ಮುಂಚಕ್ರದಿಂದ ಸುಟ್ಟ ವಾಸನೆ ಬರುತ್ತಿತ್ತು, ಆ ರಿಮ್ಮಿನ ಮೇಲೆ ಮಾತ್ರ ಕಪ್ಪು ಪುಡಿ ದಪ್ಪವಾಗಿ ಕೂತಿತ್ತು. ಬ್ರೇಕನ್ನು ಹೆಚ್ಚು ಬಳಸದೆ ಒಂದಷ್ಟು ದೂರ ಓಡಿಸಿ, ಇನ್‌ಫ್ರಾರೆಡ್ ಥರ್ಮಾಮೀಟರಿನಿಂದ ಡಿಸ್ಕುಗಳ ಬಿಸಿ ಅಳೆದಾಗ ಬಲಗಡೆ ೬೦ ಡಿಗ್ರಿಯ ಆಸುಪಾಸು, ಎಡಗಡೆ ೧೫೦ಕ್ಕೂ ಮೇಲೆ ತೋರಿಸಿತು. ತೀರ್ಥಹಳ್ಳಿಯ ನೆಂಟರ ಮನೆಗೆ ಹೋಗಿಬರಲು ಆಗುಂಬೆ ಘಾಟಿಯನ್ನು ಹತ್ತಿ ಇಳಿಯಬೇಕಾದ ಕಾರು ಇದಾದ್ದರಿಂದ ಈ ಕೆಲಸವನ್ನು ಮುಂದೂಡುವಂತಿರಲಿಲ್ಲ.

ಮೊದಲ ಹಂತ: ದೋಷ ಎಲ್ಲಿದೆ ಎಂಬ ಪತ್ತೆ

ಚಕ್ರ ಹಿಡಿದುಕೊಂಡಿದೆ ಎಂದ ಮಾತ್ರಕ್ಕೆ ಕ್ಯಾಲಿಪರ್, ಅಂದರೆ ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಭಾಗ, ಕೆಟ್ಟಿದೆ ಎಂದು ತೀರ್ಮಾನಿಸಲಾಗದು. ಬ್ರೇಕ್ ಆಯಿಲ್ ಹರಿಯುವ ರಬ್ಬರ್ ಹೋಸ್ ಒಳಗಿನಿಂದ ಊದಿಕೊಂಡು ದಾರಿ ಕಟ್ಟಿದರೂ ಇದೇ ಲಕ್ಷಣ ಕಾಣುತ್ತದೆ. ಪೆಡಲಿನ ಬಲಕ್ಕೆ ಆಯಿಲ್ ಕ್ಯಾಲಿಪರಿಗೆ ನುಗ್ಗುತ್ತದೆಯಾದರೂ ಪೆಡಲ್ ಬಿಟ್ಟ ಮೇಲೆ ಹಿಂದಿರುಗಲು ದಾರಿಯಿಲ್ಲದೆ ಅಲ್ಲೇ ಒತ್ತಡ ಹಿಡಿದಿಡುತ್ತದೆ. ಪೆಡಲಿನ ಬಲವನ್ನು ಆಯಿಲಿಗೆ ದಾಟಿಸುವ ಮಾಸ್ಟರ್ ಸಿಲಿಂಡರಿನ ದೋಷದಿಂದಲೂ ಹೀಗಾಗಬಹುದು. ಈ ಮೂರರಲ್ಲಿ ಯಾವುದು ಎಂದು ತಿಳಿಯದೆ ಹೊಸ ಕ್ಯಾಲಿಪರ್ ಕೊಂಡು ತಂದರೆ ಹಣವೂ ಹೋಗುತ್ತದೆ, ದೋಷವೂ ಉಳಿಯುತ್ತದೆ. ಆದ್ದರಿಂದ ಇಡೀ ಕೆಲಸದಲ್ಲಿ ನಾನು ಅತಿ ಹೆಚ್ಚು ಮಹತ್ವ ಕೊಟ್ಟದ್ದು ಈ ಪತ್ತೆಗೆ.

ಕಾರನ್ನು ಎತ್ತುವ ಬಗ್ಗೆ ಒಂದು ಮಾತು ಹೇಳಲೇಬೇಕು. ನಮ್ಮ ಕಡೆಯ ಅಂಗಳ ಜಂಬಿಟ್ಟಿಗೆ ಮಣ್ಣಿನದು. ಜಾಕಿಯ ಸಣ್ಣ ಪಾದ ಅದರಲ್ಲಿ ಹೂತು ವಾಲುತ್ತದೆ. ಹಾಗಾಗಿ ಅದರ ಕೆಳಗೆ ದಪ್ಪ, ಅಗಲವಾದ ಹಲಗೆ ಇಡಬೇಕು, ಹಿಂದಿನ ಚಕ್ರಗಳಿಗೆ ಎರಡೂ ಕಡೆ ಅಡ್ಡ ಕೊಡಬೇಕು, ಎತ್ತಿದ ಕೂಡಲೇ ಕಾರಿನ ಭಾರವನ್ನು ಜಾಕ್ ಸ್ಟ್ಯಾಂಡುಗಳಿಗೆ ಇಳಿಸಬೇಕು. ಮನೆಯ ಹಿತ್ತಿಲಲ್ಲಿ ಸುಲಭವಾಗಿ ಸಿಗುವ ಚಿರೆಕಲ್ಲನ್ನಾಗಲಿ, ಸಿಮೆಂಟಿನ ಟೊಳ್ಳು ಇಟ್ಟಿಗೆಯನ್ನಾಗಲಿ ಕಾರಿನ ಕೆಳಗೆ ಕೊಡುವವರನ್ನು ಕಂಡಿದ್ದೇನೆ. ಅವು ಮುನ್ಸೂಚನೆಯಿಲ್ಲದೆ ಒಂದೇ ಕ್ಷಣದಲ್ಲಿ ಒಡೆಯುತ್ತವೆ. ಸ್ಟ್ಯಾಂಡ್ ಇಲ್ಲದಿದ್ದರೆ ಈ ಕೆಲಸಕ್ಕೆ ಕೈ ಹಾಕಬಾರದು.

ಎರಡೂ ಮುಂಚಕ್ರಗಳನ್ನು ಎತ್ತಿ, ಗೇರ್ ನ್ಯೂಟ್ರಲ್‌ನಲ್ಲಿಟ್ಟು ಕೈಯಿಂದ ತಿರುಗಿಸಿದಾಗ ಬಲಚಕ್ರ ಸಲೀಸಾಗಿ ತಿರುಗಿತು, ಎಡಚಕ್ರ ಬಿಗಿಯಾಗಿತ್ತು. ಪೆಡಲನ್ನು ಒಮ್ಮೆ ಒತ್ತಿ ಬಿಟ್ಟ ಮೇಲೆ ಇನ್ನಷ್ಟು ಬಿಗಿಯಾಯಿತು. ಆ ಸ್ಥಿತಿಯಲ್ಲಿ ಎಡ ಕ್ಯಾಲಿಪರಿನ ಬ್ಲೀಡ್ ನಿಪ್ಪಲನ್ನು, ಅಂದರೆ ಆಯಿಲನ್ನೂ ಗಾಳಿಯನ್ನೂ ಹೊರಬಿಡುವ ಸಣ್ಣ ತಿರುಪನ್ನು, ತುಸು ಸಡಿಲಿಸಿದೆ. ಆಗ ಆಯಿಲ್ ಚಿಮ್ಮಿ ಚಕ್ರ ಸಡಿಲವಾಗಿದ್ದರೆ ಒತ್ತಡ ಒಳಗೆ ಸಿಕ್ಕಿಕೊಂಡಿದೆ, ದೋಷ ಹೋಸಿನಲ್ಲೋ ಅದಕ್ಕಿಂತ ಮೇಲೋ ಇದೆ ಎಂದರ್ಥ. ಇಲ್ಲಿ ಒಂದೆರಡು ಹನಿ ಮಾತ್ರ ಬಂತು, ಚಕ್ರ ಮೊದಲಿನಷ್ಟೇ ಬಿಗಿಯಾಗಿ ಉಳಿಯಿತು. ಒತ್ತಡವೇ ಇಲ್ಲದೆ ಪ್ಯಾಡುಗಳು ಡಿಸ್ಕನ್ನು ಹಿಡಿದುಕೊಂಡಿವೆ ಎಂದಾದರೆ ತಪ್ಪು ಕ್ಯಾಲಿಪರಿನದೇ.

ಪ್ಯಾಡುಗಳನ್ನು ಹೊರತೆಗೆದಾಗ ಕಾರಣ ಕಣ್ಣಿಗೇ ಕಂಡಿತು. ಈ ಬಗೆಯ ಕ್ಯಾಲಿಪರಿನಲ್ಲಿ ಪಿಸ್ಟನ್ ಇರುವುದು ಒಂದೇ, ಅದೂ ಒಳಬದಿಯಲ್ಲಿ. ಅದು ಒಳಗಿನ ಪ್ಯಾಡನ್ನು ಡಿಸ್ಕಿಗೆ ಒತ್ತುತ್ತದೆ. ಅದರ ಪ್ರತಿಬಲಕ್ಕೆ ಇಡೀ ಕ್ಯಾಲಿಪರ್ ಎರಡು ಸ್ಲೈಡ್ ಪಿನ್ನುಗಳ ಮೇಲೆ ಒಳಕ್ಕೆ ಜಾರಿ, ಹೊರಗಿನ ಪ್ಯಾಡನ್ನೂ ಎಳೆದು ಒತ್ತುತ್ತದೆ. ಪಿನ್ನು ಜಾರದಿದ್ದರೆ ಕೆಲಸವೆಲ್ಲ ಒಳಗಿನ ಪ್ಯಾಡಿನ ಮೇಲೆ ಬೀಳುತ್ತದೆ. ನಮ್ಮ ಕಾರಿನ ಒಳಗಿನ ಪ್ಯಾಡ್ ಲೋಹದ ತಗಡಿನ ಸಮೀಪಕ್ಕೆ ಸವೆದಿತ್ತು, ಹೊರಗಿನದರಲ್ಲಿ ಅರ್ಧಕ್ಕಿಂತ ಹೆಚ್ಚು ಉಳಿದಿತ್ತು. ಕೆಳಗಿನ ಪಿನ್ನಿನ ರಬ್ಬರ್ ಬೂಟು ಹರಿದು, ಗ್ರೀಸ್ ತೊಳೆದುಹೋಗಿ, ಪಿನ್ನು ತುಕ್ಕಿನಲ್ಲಿ ಅಂಟಿಕೊಂಡಿತ್ತು. ಪಿಸ್ಟನ್ನಿನ ಬೂಟೂ ಹರಿದಿತ್ತು. ಅದರ ಹಿಂದೆ ನೀರು ನಿಂತು ಪಿಸ್ಟನ್ನಿನ ಲೇಪ ಎದ್ದು, ಮೈಯಲ್ಲಿ ಗುಳಿಗಳಾಗಿದ್ದವು.

ಪಿಸ್ಟನ್ನನ್ನು ಹಿಂದಕ್ಕೆ ಎಳೆಯುವ ಸ್ಪ್ರಿಂಗ್ ಯಾವುದೂ ಇಲ್ಲ ಎಂಬುದು ಅನೇಕರಿಗೆ ಗೊತ್ತಿರುವುದಿಲ್ಲ. ಆ ಕೆಲಸವನ್ನು ಮಾಡುವುದು ಅದರ ಸುತ್ತ ಕೂತ ಚೌಕ ಅಂಚಿನ ರಬ್ಬರ್ ಸೀಲ್. ಪಿಸ್ಟನ್ ಮುಂದೆ ಸರಿದಾಗ ಸೀಲ್ ತುಸು ತಿರುಚಿಕೊಳ್ಳುತ್ತದೆ, ಒತ್ತಡ ಇಳಿದಾಗ ಮತ್ತೆ ನೇರವಾಗುತ್ತ ಪಿಸ್ಟನ್ನನ್ನು ಕೂದಲೆಳೆಯಷ್ಟು ಹಿಂದಕ್ಕೆ ತರುತ್ತದೆ. ಅಷ್ಟು ಅಂತರವೇ ಚಕ್ರ ಸಲೀಸಾಗಿ ತಿರುಗಲು ಸಾಕು. ತುಕ್ಕಿನ ಗುಳಿಗಳ ಮೇಲೆ ಸೀಲ್ ಹಾಗೆ ಆಡಲಾರದು.

ಎರಡನೆಯ ಹಂತ: ರಿಪೇರಿಯೋ, ಹೊಸತೋ

ಸೀಲ್ ಮತ್ತು ಬೂಟುಗಳ ರಿಪೇರಿ ಕಿಟ್ ಹೊಸ ಕ್ಯಾಲಿಪರಿನ ಬೆಲೆಯ ಸಣ್ಣ ಪಾಲಿಗೆ ಸಿಗುತ್ತದೆ. ಪಿಸ್ಟನ್ ಮತ್ತು ಸಿಲಿಂಡರಿನ ಒಳಮೈ ನುಣುಪಾಗಿದ್ದರೆ ಕಿಟ್ಟೇ ಸರಿಯಾದ ಆಯ್ಕೆ. ಗುಳಿ ಬಿದ್ದ ಪಿಸ್ಟನ್ನನ್ನು ಉಪ್ಪುಕಾಗದದಿಂದ ಉಜ್ಜಿ ಮತ್ತೆ ಕೂರಿಸುವುದನ್ನು ನಾನು ಒಪ್ಪುವುದಿಲ್ಲ. ಲೇಪ ಹೋದ ಉಕ್ಕು ಮುಂದಿನ ಮಳೆಗಾಲದಲ್ಲೇ ಮತ್ತೆ ತುಕ್ಕು ಹಿಡಿಯುತ್ತದೆ. ಬಲಗಡೆಯ ಪಿನ್ನುಗಳು ಜಾರುತ್ತಿದ್ದರೂ ಪಿಸ್ಟನ್ನಿನ ಬೂಟು ಬಿರಿದಿತ್ತು. ಒಂದು ಚಕ್ರ ಇನ್ನೊಂದಕ್ಕಿಂತ ಬೇಗ ಹಿಡಿದರೆ ಒದ್ದೆ ರಸ್ತೆಯಲ್ಲಿ ಕಾರು ಒಂದು ಪಕ್ಕಕ್ಕೆ ತಿರುಗುತ್ತದೆಯಾದ್ದರಿಂದ ಎರಡೂ ಕ್ಯಾಲಿಪರ್, ಎರಡೂ ಕಡೆಯ ಪ್ಯಾಡ್, ತಾಮ್ರದ ಹೊಸ ವಾಷರುಗಳು ಮತ್ತು ಮುಚ್ಚಳ ಒಡೆಯದ ಡಾಟ್ ೪ ದರ್ಜೆಯ ಬ್ರೇಕ್ ಆಯಿಲ್ ತಂದೆ. ಡಿಸ್ಕಿನ ಕನಿಷ್ಠ ದಪ್ಪವನ್ನು ಅದರ ಮೇಲೆಯೇ ಅಚ್ಚೊತ್ತಿರುತ್ತಾರೆ. ಅಳೆದಾಗ ಎರಡೂ ಆ ಮಿತಿಗಿಂತ ಸಾಕಷ್ಟು ಮೇಲಿದ್ದುದರಿಂದ ಅವುಗಳನ್ನು ಉಳಿಸಿಕೊಂಡೆ.

ಆಯಿಲ್ ಬಗ್ಗೆ ಇಷ್ಟು ತಿಳಿದಿರಬೇಕು. ಡಾಟ್ ೩ ಮತ್ತು ಡಾಟ್ ೪ ಎರಡೂ ಗಾಳಿಯ ತೇವವನ್ನು ಹೀರಿಕೊಳ್ಳುತ್ತವೆ. ಡಾಟ್ ೩ ಹೊಸತಿರುವಾಗ ಕನಿಷ್ಠ ೨೦೫ ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ಮಾನದಂಡ. ತೇವ ಹೀರಿದ ಮೇಲೆ ಆ ಮಿತಿ ೧೪೦ಕ್ಕೆ ಇಳಿಯುತ್ತದೆ. ಡಾಟ್ ೪ಕ್ಕೆ ಈ ಅಂಕಿಗಳು ೨೩೦ ಮತ್ತು ೧೫೫. ಕುದಿದ ಆಯಿಲಿನಲ್ಲಿ ಆವಿಯ ಗುಳ್ಳೆಗಳು ಹುಟ್ಟಿ, ಪೆಡಲ್ ಒತ್ತಿದಾಗ ಆ ಗುಳ್ಳೆಗಳು ಕುಗ್ಗುತ್ತವೆಯೇ ಹೊರತು ಬ್ರೇಕ್ ಹಿಡಿಯುವುದಿಲ್ಲ. ನಮ್ಮ ಕರಾವಳಿಯ ತೇವದಲ್ಲಿ ವರ್ಷಗಟ್ಟಲೆ ಬದಲಾಯಿಸದ ಆಯಿಲ್ ಹಾಕಿಕೊಂಡು ಘಾಟಿ ಇಳಿಯುವುದು ಎಷ್ಟು ಅಪಾಯ ಎಂಬುದನ್ನು ಈ ಅಂಕಿಗಳೇ ಹೇಳುತ್ತವೆ. ಸಿಲಿಕೋನ್ ಆಧಾರದ ಡಾಟ್ ೫ ಬೇರೆಯೇ ಜಾತಿಯದು. ಅದನ್ನು ಇವುಗಳೊಂದಿಗೆ ಬೆರೆಸುವಂತಿಲ್ಲ.

ಮೂರನೆಯ ಹಂತ: ಬಿಚ್ಚಿ ಜೋಡಿಸಿದ್ದು

ಈ ಭಾಗ ಬೇಗ ಮುಗಿಯಿತು. ಹಿಂದಿನ ಸಂಜೆಯೇ ಬೋಲ್ಟುಗಳಿಗೆ ತುಕ್ಕು ಬಿಡಿಸುವ ಎಣ್ಣೆಯನ್ನು ಡಿಸ್ಕಿಗೆ ತಾಗದಂತೆ ಹಾಕಿಟ್ಟಿದ್ದೆ. ಹೋಸನ್ನು ಹಿಡಿದಿರುವ ಬ್ಯಾಂಜೊ ಬೋಲ್ಟನ್ನು ಕ್ಯಾಲಿಪರ್ ಇನ್ನೂ ತನ್ನ ಜಾಗದಲ್ಲಿ ಭದ್ರವಾಗಿರುವಾಗಲೇ ಒಮ್ಮೆ ಸಡಿಲಿಸಿ, ಮತ್ತೆ ಮೆತ್ತಗೆ ಬಿಗಿದಿಡಬೇಕು. ಕ್ಯಾಲಿಪರ್ ಕೈಯಲ್ಲಿ ನೇತಾಡುತ್ತಿರುವಾಗ ಅದನ್ನು ಬಿಚ್ಚುವುದು ಕಷ್ಟ. ಬ್ರೇಕ್ ಪೆಡಲನ್ನು ತುಸು ಒತ್ತಿ, ಸೀಟಿಗೂ ಪೆಡಲಿಗೂ ನಡುವೆ ಕೋಲು ಕೊಟ್ಟು ನಿಲ್ಲಿಸಿದರೆ ಮಾಸ್ಟರ್ ಸಿಲಿಂಡರಿನೊಳಗಿನ ರಂಧ್ರ ಮುಚ್ಚಿ, ಬಿಚ್ಚಿದ ಹೋಸಿನಿಂದ ಬ್ರೇಕ್ ಆಯಿಲ್ ಟ್ಯಾಂಕಿನ ಆಯಿಲ್ ಪೂರ್ತಿ ಸೋರಿಹೋಗುವುದು ತಪ್ಪುತ್ತದೆ. ಹಾಗೆ ಮಾಡುವಾಗ ಹಿಂದಿನ ಬ್ರೇಕ್ ಲೈಟ್ ಉರಿಯುತ್ತಲೇ ಇರುತ್ತದೆಯಾದ್ದರಿಂದ ಬ್ಯಾಟರಿಯ ಒಂದು ತಂತಿ ಕಳಚಿಡುವುದು ಒಳ್ಳೆಯದು.

ಬ್ರೇಕಿನ ಪುಡಿಯನ್ನು ಗಾಳಿ ಊದಿ ಹಾರಿಸಬಾರದು. ಹಳೆಯ ಪ್ಯಾಡಿನಲ್ಲಿ ಕಲ್ನಾರು ಇದೆಯೋ ಇಲ್ಲವೋ ಹೊರಗಿನಿಂದ ತಿಳಿಯದು. ಮಾಸ್ಕ್ ಧರಿಸಿ, ಒದ್ದೆ ಬಟ್ಟೆಯಿಂದ ಒರೆಸಿ ತೆಗೆದೆ.

ಹೊಸ ಕ್ಯಾಲಿಪರುಗಳನ್ನು ಕೂರಿಸುವಾಗ ಎಡಬಲ ನೋಡಿಕೊಳ್ಳುವುದು ಅತಿ ಮುಖ್ಯ. ಅದಲುಬದಲಾದರೂ ಕೆಲವು ಮಾದರಿಗಳಲ್ಲಿ ಸರಿಯಾಗಿಯೇ ಕೂರುತ್ತವೆ, ಆದರೆ ಬ್ಲೀಡ್ ನಿಪ್ಪಲ್ ಕೆಳಗೆ ಬರುತ್ತದೆ. ಗಾಳಿ ಮೇಲಕ್ಕೆ ಏರುವ ವಸ್ತು. ನಿಪ್ಪಲ್ ಕೆಳಗಿದ್ದರೆ ಎಷ್ಟು ಹೊತ್ತು ಬ್ಲೀಡ್ ಮಾಡಿದರೂ ಮೇಲಿನ ಗಾಳಿ ಹೊರಬರುವುದಿಲ್ಲ. ನಿಪ್ಪಲ್ ಯಾವಾಗಲೂ ಮೇಲ್ತುದಿಯಲ್ಲಿರಬೇಕು. ಸ್ಲೈಡ್ ಪಿನ್ನುಗಳಿಗೆ ಸಿಲಿಕೋನ್ ಆಧಾರದ ಬ್ರೇಕ್ ಗ್ರೀಸನ್ನೇ ಹಚ್ಚಬೇಕು; ಬೇರಿಂಗಿಗೆ ಹಾಕುವ ಸಾಮಾನ್ಯ ಗ್ರೀಸ್ ಬೂಟಿನ ರಬ್ಬರನ್ನು ಊದಿಸುತ್ತದೆ. ಬೋಲ್ಟುಗಳನ್ನೆಲ್ಲ ಟಾರ್ಕ್ ರೆಂಚಿನಿಂದ, ಈ ಕಾರಿನ ಸರ್ವಿಸ್ ಕೈಪಿಡಿಯಲ್ಲಿರುವ ಅಂಕಿಗೆ ಬಿಗಿದೆ. ಸ್ಲೈಡ್ ಪಿನ್ನಿನ ಬೋಲ್ಟಿಗೂ ಕ್ಯಾಲಿಪರನ್ನು ಹೊತ್ತಿರುವ ಬ್ರ್ಯಾಕೆಟ್ಟಿನ ಬೋಲ್ಟಿಗೂ ಬೇಕಾದ ಬಿಗಿತದಲ್ಲಿ ಬಹಳ ಅಂತರವಿದೆ, ಇನ್ನೊಂದು ಕಾರಿನ ಅಂಕಿಯನ್ನು ಇಲ್ಲಿ ಬಳಸುವಂತಿಲ್ಲ. ಎಡ ಹೋಸಿನ ರಬ್ಬರಿನ ಮೇಲೆ ಸಣ್ಣ ಬಿರುಕುಗಳಿದ್ದುದರಿಂದ ಎರಡೂ ಮುಂದಿನ ಹೋಸುಗಳನ್ನು ಇದೇ ಸಮಯದಲ್ಲಿ ಬದಲಾಯಿಸಿದೆ.

ನಾಲ್ಕನೆಯ ಹಂತ: ಗಾಳಿ ತೆಗೆದದ್ದು

ಅಕ್ಕನ ಮಗ ಚಾಲಕನ ಸೀಟಿನಲ್ಲಿ ಕೂತ. ನಾನು ನಿಪ್ಪಲಿಗೆ ಪಾರದರ್ಶಕ ನಳಿಗೆ ಸಿಕ್ಕಿಸಿ, ಅದರ ಇನ್ನೊಂದು ತುದಿಯನ್ನು ಬಾಟಲಿಯಲ್ಲಿದ್ದ ಆಯಿಲಿನಲ್ಲಿ ಮುಳುಗಿಸಿದೆ. "ಒತ್ತು" ಎಂದಾಗ ಅವನು ನಿಧಾನವಾಗಿ ಒತ್ತಿ "ಹಿಡಿದೆ ಮಾವ" ಎನ್ನುವುದು, ನಾನು ನಿಪ್ಪಲ್ ತೆರೆದು, ಹರಿವು ನಿಲ್ಲುವ ಮೊದಲೇ ಮುಚ್ಚಿ "ಬಿಡು" ಎನ್ನುವುದು. ನಿಪ್ಪಲ್ ಮುಚ್ಚುವ ಮೊದಲೇ ಪೆಡಲ್ ಬಿಟ್ಟರೆ ಗಾಳಿ ಹಿಂದಕ್ಕೆ ಎಳೆದುಕೊಳ್ಳುತ್ತದೆ. ಹಾಗಾಗಿ ಇಬ್ಬರೂ ಗಟ್ಟಿಯಾಗಿ ಹೇಳಿ, ಕೇಳಿಸಿಕೊಂಡ ಮೇಲೆಯೇ ಮುಂದುವರಿಯಬೇಕು. ಪೆಡಲಿನ ಕೆಳಗೆ ಮರದ ತುಂಡೊಂದನ್ನು ಇಟ್ಟಿದ್ದೆ. ಹಳೆಯ ಮಾಸ್ಟರ್ ಸಿಲಿಂಡರಿನ ಆಳದ ಭಾಗ ದಿನನಿತ್ಯದ ಬಳಕೆಯಲ್ಲಿ ಸೀಲ್ ಓಡಾಡದ ಜಾಗ. ಅಲ್ಲಿ ತುಕ್ಕು, ಕೆಸರು ಕೂತಿರುತ್ತದೆ. ಪೆಡಲನ್ನು ನೆಲದವರೆಗೆ ಒತ್ತಿದರೆ ಸೀಲ್ ಅದರ ಮೇಲೆ ಉಜ್ಜಿ ಹರಿಯಬಹುದು.

ಪರದೇಶದ ವಿಡಿಯೋಗಳನ್ನು ನೋಡಿ ಕೆಲಸ ಮಾಡುವವರು ಗಮನಿಸಬೇಕಾದ ಒಂದು ಸಂಗತಿ ಇದೆ. ಎಡಗಡೆ ಸ್ಟೇರಿಂಗ್ ಇರುವ ದೇಶಗಳಲ್ಲಿ ಮಾಸ್ಟರ್ ಸಿಲಿಂಡರ್ ಸಾಮಾನ್ಯವಾಗಿ ಎಡಗಡೆ ಇರುತ್ತದೆ, ಅವರಿಗೆ ಅತಿ ದೂರದ ಚಕ್ರ ಬಲ ಹಿಂಚಕ್ರ. ನಮ್ಮ ಕಾರಿನಲ್ಲಿ ಅದು ಎಡ ಹಿಂಚಕ್ರ. ಇದರ ಮೇಲೆ, ಮುಂಚಕ್ರಗಳಿಂದ ಓಡುವ ಹೆಚ್ಚಿನ ಕಾರುಗಳಲ್ಲಿ ಬ್ರೇಕಿನ ಎರಡು ಮಾರ್ಗಗಳು ಕರ್ಣರೇಖೆಯಲ್ಲಿ ಹಂಚಿಕೆಯಾಗಿರುತ್ತವೆ. ಆದ್ದರಿಂದ ಕೈಪಿಡಿಯ ಕ್ರಮವೇ ಅಂತಿಮ. ಆಯಿಲ್ ಹಳೆಯದಾಗಿದ್ದುದರಿಂದ ಆ ಕ್ರಮದಲ್ಲಿ ನಾಲ್ಕೂ ಚಕ್ರಗಳಿಂದ, ತಿಳಿ ಬಣ್ಣದ ಹೊಸ ಆಯಿಲ್ ಗುಳ್ಳೆಯಿಲ್ಲದೆ ಬರುವವರೆಗೆ ಹರಿಸಿದೆ. ಟ್ಯಾಂಕಿನ ಮಟ್ಟ ಒಮ್ಮೆಯೂ ಕೆಳಗಿನ ಗೆರೆಗಿಂತ ಇಳಿಯದಂತೆ ನೋಡಿಕೊಂಡೆ. ಬಣ್ಣದ ಮೇಲೆ ಬಿದ್ದ ಹನಿಗಳನ್ನು ಕೂಡಲೇ ನೀರಿನಿಂದ ತೊಳೆಯಬೇಕು, ಇಲ್ಲವಾದರೆ ಪೇಂಟ್ ಏಳುತ್ತದೆ. ತೆಗೆದ ಆಯಿಲನ್ನು ಅಂಗಳಕ್ಕಾಗಲಿ ಚರಂಡಿಗಾಗಲಿ ಸುರಿಯಲಿಲ್ಲ. ನಮ್ಮ ಬಾವಿ ಅಂಗಳದಲ್ಲೇ ಇದೆ. ಎಂಜಿನ್ ಆಯಿಲಿನೊಂದಿಗೆ ಬೆರೆಸದೆ ಬೇರೆ ಬಾಟಲಿಯಲ್ಲಿ ತುಂಬಿ, ಅಂಥದ್ದನ್ನು ಪ್ರತ್ಯೇಕವಾಗಿ ಸಂಗ್ರಹಿಸುವ ಗ್ಯಾರೇಜಿಗೆ ಕೊಟ್ಟೆ.

ಐದನೆಯ ಹಂತ: ಓಡಿಸಿ ನೋಡಿದ್ದು

ಹೊಸ ಪಿಸ್ಟನ್ ಪೂರ್ತಿ ಒಳಗಿರುವುದರಿಂದ ಮೊದಲ ಕೆಲವು ಬಾರಿ ಪೆಡಲ್ ತೀರ ಕೆಳಕ್ಕೆ ಹೋಗುತ್ತದೆ. ಕಾರನ್ನು ಒಂದಡಿ ಸರಿಸುವ ಮೊದಲೇ ಪೆಡಲ್ ಗಟ್ಟಿಯಾಗುವವರೆಗೆ ಒತ್ತಬೇಕು. ನಂತರ ಎಂಜಿನ್ ಚಾಲೂ ಮಾಡಿ, ಬಲವಾಗಿ ಒತ್ತಿ ಹಿಡಿದಿರುವಾಗ ಪ್ರತಿಯೊಂದು ಜೋಡಣೆಯನ್ನೂ ಟಾರ್ಚ್ ಹಿಡಿದು ಪರೀಕ್ಷಿಸಿದೆ, ಎಲ್ಲೂ ಜಿನುಗಿರಲಿಲ್ಲ. ಸಂಚಾರವಿಲ್ಲದ ಊರಿನ ರಸ್ತೆಯಲ್ಲಿ ಸುಮಾರು ೫೦ ಕಿ.ಮೀ. ವೇಗದಿಂದ ೧೫ಕ್ಕೆ, ಪೂರ್ತಿ ನಿಲ್ಲಿಸದೆ, ಮತ್ತೆ ಮತ್ತೆ ಇಳಿಸಿ, ನಡುವೆ ಡಿಸ್ಕ್ ತಣಿಯಲು ಅವಕಾಶ ಕೊಟ್ಟು ಪ್ಯಾಡುಗಳನ್ನು ಹದಕ್ಕೆ ತಂದೆ. ಬಿಸಿ ಇರುವಾಗ ಪೆಡಲ್ ಒತ್ತಿ ನಿಂತರೆ ಪ್ಯಾಡಿನ ವಸ್ತು ಡಿಸ್ಕಿನ ಒಂದೇ ಜಾಗಕ್ಕೆ ಅಂಟಿ, ಆಮೇಲೆ ಬ್ರೇಕ್ ಹಾಕಿದಾಗಲೆಲ್ಲ ಸ್ಟೇರಿಂಗ್ ನಡುಗುತ್ತದೆ.

ಈಗ ಎರಡೂ ಡಿಸ್ಕುಗಳ ಬಿಸಿಯಲ್ಲಿ ಕೆಲವೇ ಡಿಗ್ರಿಗಳ ವ್ಯತ್ಯಾಸವಿದೆ. ಕಾರು ನೇರವಾಗಿ ಓಡುತ್ತಿದೆ. ಆಗುಂಬೆಯ ೧೪ ತಿರುವುಗಳನ್ನು ಎರಡನೆಯ ಗೇರಿನಲ್ಲಿ ಇಳಿದು ಸೋಮೇಶ್ವರ ತಲುಪಿದಾಗಲೂ ಪೆಡಲ್ ಮೊದಲಿನಷ್ಟೇ ಗಟ್ಟಿಯಾಗಿತ್ತು, ವಾಸನೆ ಇರಲಿಲ್ಲ.

ಉಳಿದಿರುವುದು ಹಿಂದಿನ ಡ್ರಮ್ಮುಗಳ ಕೆಲಸ. ಆಯಿಲ್ ಹರಿಸುವಾಗ ಬಲ ಹಿಂಚಕ್ರದ ನಿಪ್ಪಲಿನಿಂದ ಬಂದದ್ದು ಉಳಿದವುಗಳಿಗಿಂತ ಹೆಚ್ಚು ಕಪ್ಪಾಗಿತ್ತು. ಡ್ರಮ್ಮಿನೊಳಗೆ ಬ್ರೇಕ್ ಶೂಗಳನ್ನು ಒತ್ತುವ ವ್ಹೀಲ್ ಸಿಲಿಂಡರಿನ ರಬ್ಬರ್ ಕರಗುತ್ತಿರುವ ಸಾಧ್ಯತೆ ಇರುವುದರಿಂದ ಮೊದಲು ಆ ಡ್ರಮ್ ಬಿಚ್ಚಿ ನೋಡಬೇಕಾಗಿದೆ. ಮುಂದಿನ ಸ್ಲೈಡ್ ಪಿನ್ನುಗಳ ಬೂಟು ಮತ್ತು ಗ್ರೀಸನ್ನು ಮೇ ತಿಂಗಳಲ್ಲಿ, ಮಳೆ ಹಿಡಿಯುವ ಮೊದಲು, ಇನ್ನೊಮ್ಮೆ ಪರೀಕ್ಷಿಸುತ್ತೇನೆ.